ಹಳೇ ಇನ್ನೋವಾ, ಹೊಸ ಎರ್ಟಿಗಾ, ಹೈಕ್ರಾಸ್: ನಮ್ಮ ಕಡೆಯ ದಿನದ ಓಡಾಟಕ್ಕೆ ಯಾವುದು ಸೈ?

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಮನೆಗೊಂದು ಏಳು ಸೀಟಿನ ಗಾಡಿ ತರಬೇಕು ಅಂದಾಗ ಮಾತು ಸುತ್ತಿ ಸುತ್ತಿ ಒಂದೇ ಕಡೆ ಬಂದು ನಿಲ್ಲುತ್ತದೆ: ಇರುವ ದುಡ್ಡಿಗೆ ಹಳೇ ಇನ್ನೋವಾ ಹಿಡಿಯೋಣವೋ, ಹೊಸ ಎರ್ಟಿಗಾ ಬುಕ್ ಮಾಡೋಣವೋ? ಕೈ ಇನ್ನೂ ಸ್ವಲ್ಪ ಉದ್ದ ಇದ್ದವರು ಕ್ರಿಸ್ಟಾ, ಹೈಕ್ರಾಸ್, ಕಿಯಾದ ಕ್ಯಾರೆನ್ಸ್ ಹೆಸರು ಎತ್ತುತ್ತಾರೆ. ಮದುವೆಗೆ, ಹುಲಿಗಿಗೆ, ಮಂತ್ರಾಲಯಕ್ಕೆ ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಇಲ್ಲಿ ನೋಡುತ್ತಿರುವುದು ಉಳಿದ ದಿನಗಳ ಲೆಕ್ಕ: ಬೆಳಿಗ್ಗೆ ಶಾಲೆ, ಹತ್ತಕ್ಕೆ ಬ್ಯಾಂಕು, ಸಂಜೆ ಮಾರ್ಕೆಟ್ಟು, ವಾರಕ್ಕೊಮ್ಮೆ ಹೊಲ. ಆ ಓಡಾಟ ಎಷ್ಟು ಉದ್ದ, ಎಷ್ಟು ಜನ ಎನ್ನುವುದೇ ಯಾವ ಇಂಜಿನ್ ಬೇಕು ಅಂತ ಹೇಳಿಬಿಡುತ್ತದೆ. ಹೊಸದೋ ಹಳೆಯದೋ ಎಂಬ ಪ್ರಶ್ನೆ ಆಮೇಲಿನದು.

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ಕ್ವಾಲಿಸ್ ನಿಂತು 2005ರಲ್ಲಿ ಬಂದದ್ದು ಮೊದಲ ಇನ್ನೋವಾ, 2.5 ಲೀಟರ್ ಡೀಸೆಲ್, 102 ಪಿಎಸ್ ಶಕ್ತಿ, ಐದು ಗೇರು, ಲಾರಿಯಂತೆ ಚಾಸಿಸ್ ಮೇಲೆ ಬಾಡಿ, ಹಿಂದಿನ ಚಕ್ರಕ್ಕೆ ಎಳೆತ. 2016ರಲ್ಲಿ ಇದರ ಜಾಗಕ್ಕೆ ಕ್ರಿಸ್ಟಾ ಬಂತು: ಅದೇ ಚಾಸಿಸ್ ಪದ್ಧತಿ, 2.4 ಲೀಟರ್, 150 ಪಿಎಸ್. 2022ರ ಕೊನೆಗೆ ಪರಿಚಯವಾದ ಹೈಕ್ರಾಸ್ ಹೆಸರಿಗಷ್ಟೇ ಇನ್ನೋವಾ. ಚಾಸಿಸ್ ಇಲ್ಲ, ಡೀಸೆಲ್ ಇಲ್ಲ, ಎಳೆತ ಮುಂದಿನ ಚಕ್ರಕ್ಕೆ, 2 ಲೀಟರ್ ಪೆಟ್ರೋಲ್ ಅಥವಾ ಅದರ ಜೊತೆ ಬ್ಯಾಟರಿ-ಮೋಟಾರ್ ಸೇರಿದ ಹೈಬ್ರಿಡ್. ಎರ್ಟಿಗಾ 2012ರಲ್ಲಿ ಶುರುವಾಗಿ 2018ರ ನವೆಂಬರ್‌ನಲ್ಲಿ ಎರಡನೇ ತಲೆಮಾರಿಗೆ ಬಂತು. 2022ರ ಏಪ್ರಿಲ್‌ನಿಂದ ಈಗಿನ 1.5 ಲೀಟರ್ ಡ್ಯುಯಲ್‌ಜೆಟ್ ಪೆಟ್ರೋಲ್, ಆಟೋಮ್ಯಾಟಿಕ್‌ನಲ್ಲಿ ನಾಲ್ಕರ ಬದಲು ಆರು ಗೇರು. ಟೊಯೊಟಾ ರೂಮಿಯನ್ ಅಂದರೆ ಇದೇ ಎರ್ಟಿಗಾ, ಮಾರುತಿ ಇನ್ವಿಕ್ಟೊ ಅಂದರೆ ಅದೇ ಹೈಕ್ರಾಸ್. ಲೋಗೋ ನೋಡಿ ಮೋಸಹೋಗುವುದು ಬೇಡ. ವೇಟಿಂಗ್ ಕಡಿಮೆ ಇರುವ ಕಡೆ ಬುಕ್ ಮಾಡಿ.

ಈಗ ದಿನದ ಓಡಾಟ. ಮನೆಯಿಂದ ಶಾಲೆಗೆ ಮೂರು ಕಿಲೋಮೀಟರ್, ಅಲ್ಲಿಂದ ಮಾರ್ಕೆಟ್‌ಗೆ ಎರಡು, ವಾಪಸ್ ಎರಡು. ಡೀಸೆಲ್ ಇಂಜಿನ್ ಬಿಸಿಯೇರುವಷ್ಟರಲ್ಲಿ ಗಾಡಿ ನಿಂತಿರುತ್ತದೆ. 2020ರ ಏಪ್ರಿಲ್ 1ರ ಬಿಎಸ್6 ನಿಯಮದಿಂದ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ಮಸಿ ಹಿಡಿದಿಡುವ ಡಿಪಿಎಫ್ ಎಂಬ ಜಾಲರಿ ಕೂತಿದೆ. ಮಸಿ ತುಂಬಿದಾಗ ಇಂಜಿನ್ ಹೆಚ್ಚುವರಿ ಡೀಸೆಲ್ ಹಾಯಿಸಿ, ಆ ಬಿಸಿಗೆ ಅದನ್ನು ಸುಟ್ಟುಕೊಳ್ಳುತ್ತದೆ. ಅದಕ್ಕೆ ಹೆದ್ದಾರಿಯ ವೇಗದಲ್ಲಿ ಹದಿನೈದು-ಇಪ್ಪತ್ತು ನಿಮಿಷದ ಬಿಡುವಿಲ್ಲದ ಓಟ ಬೇಕು. ಊರೊಳಗೇ ಸುತ್ತುವ ಗಾಡಿಗೆ ಅದು ಸಿಗುವುದಿಲ್ಲ. ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಹಾಯಿಸಿದ ಡೀಸೆಲ್ ಇಂಜಿನ್ ಎಣ್ಣೆಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ತೆಗೆದಾಗ ಎಣ್ಣೆ ಮಟ್ಟ ಗುರುತಿಗಿಂತ ಮೇಲಿದ್ದು ಡೀಸೆಲ್ ವಾಸನೆ ಬಂದರೆ ಹೆಚ್ಚಾಗಿ ಇದೇ ಕಾರಣ. ಬಿಎಸ್6 ಕ್ರಿಸ್ಟಾ, ಕ್ಯಾರೆನ್ಸ್ ಡೀಸೆಲ್ ಇಟ್ಟುಕೊಂಡವರು ವಾರಕ್ಕೊಮ್ಮೆಯಾದರೂ ಬಳ್ಳಾರಿಯಿಂದ ತೋರಣಗಲ್ಲಿನ ತನಕ ಒಂದೇ ಸಮ ಓಡಿಸಿ ಬಂದರೆ ಸಾಕು. ಆಗುವುದಿಲ್ಲ ಎನ್ನುವವರು ಆ ಡೀಸೆಲ್ ತರಬಾರದು, ಇಷ್ಟೇ.

ಹಳೇ ಇನ್ನೋವಾದಲ್ಲಿ ಡಿಪಿಎಫ್ ಇಲ್ಲ. ಆದರೆ ಅದಕ್ಕೂ ಚಿಕ್ಕ ಓಟ ಹಿತವಲ್ಲ. ಹೊಗೆಯ ಒಂದಿಷ್ಟನ್ನು ಮತ್ತೆ ಇಂಜಿನ್‌ಗೆ ತಿರುಗಿಸುವ ಇಜಿಆರ್ ವಾಲ್ವು ಮತ್ತು ಇನ್‌ಟೇಕ್ ಕೊಳವೆಯಲ್ಲಿ ಎಣ್ಣೆ-ಮಸಿ ಸೇರಿ ಡಾಂಬರಿನಂತೆ ಗಟ್ಟಿಯಾಗುತ್ತದೆ. ಪಿಕಪ್ ಇಳಿಯುತ್ತದೆ, ಗೇರು ಬದಲಿಸುವಾಗ ಕಪ್ಪು ಹೊಗೆ. ವ್ಯತ್ಯಾಸ ಏನೆಂದರೆ ಇದನ್ನು ಯಾವ ಗ್ಯಾರೇಜಿನಲ್ಲಾದರೂ ಬಿಚ್ಚಿ ತೊಳೆಸಬಹುದು. ಡಿಪಿಎಫ್ ಕಟ್ಟಿಕೊಂಡರೆ ಕಂಪ್ಯೂಟರ್ ಹಚ್ಚುವವರೇ ಬೇಕು, ಬದಲಿಸಬೇಕಾಗಿ ಬಂದರೆ ಬಿಲ್ಲು ನೋಡಿ ಕೂತೇಬಿಡಬೇಕು.

ಇಂಧನದ ಲೆಕ್ಕ ನೋಡೋಣ. ತಿಂಗಳಿಗೆ ಸಾವಿರ ಕಿಲೋಮೀಟರ್, ಹೆಚ್ಚಾಗಿ ಊರೊಳಗೆ, ಎ.ಸಿ. ಹಾಕಿಕೊಂಡೇ ಎಂದಿಟ್ಟುಕೊಳ್ಳಿ. ಹಳೇ ಇನ್ನೋವಾ ಲೀಟರಿಗೆ 11 ಕೊಟ್ಟರೆ 91 ಲೀಟರ್ ಡೀಸೆಲ್. ಲೀಟರಿಗೆ 91 ರೂಪಾಯಿ ಹಿಡಿದರೆ ಸುಮಾರು 8,300. ಎರ್ಟಿಗಾ ಪೆಟ್ರೋಲ್ 15 ಕೊಟ್ಟರೆ 67 ಲೀಟರ್; 103ರ ದರದಲ್ಲಿ 6,900. ಹೈಕ್ರಾಸ್ ಹೈಬ್ರಿಡ್ ಊರೊಳಗೆ 17 ಕೊಟ್ಟರೆ 6,100. ಎರ್ಟಿಗಾ ಸಿಎನ್‌ಜಿ ಕೆಜಿಗೆ 22 ಓಡಿದರೆ, ಕೆಜಿಗೆ 88 ಹಿಡಿದು, 4,000. ಕಂಪನಿ ಹೇಳುವ ಅಂಕಿ ಇದಕ್ಕಿಂತ ಬಹಳ ಮೇಲಿವೆ: ಎರ್ಟಿಗಾ ಮ್ಯಾನ್ಯುಯಲ್‌ಗೆ 20.51, ಸಿಎನ್‌ಜಿಗೆ 26.11, ಹೈಕ್ರಾಸ್ ಹೈಬ್ರಿಡ್‌ಗೆ 23.24. ಅವು ಲ್ಯಾಬಿನ ಅಂಕಿಗಳು. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಎ.ಸಿ. ನಾಲ್ಕರ ಮೇಲಿಟ್ಟು ಸಿಗ್ನಲ್‌ಗೆ ನಿಂತ ಗಾಡಿಯವಲ್ಲ.

ಈ ಲೆಕ್ಕದಲ್ಲಿ ಕಣ್ಣಿಗೆ ಬೀಳಬೇಕಾದದ್ದು ಹೈಬ್ರಿಡ್. ಎರ್ಟಿಗಾಕ್ಕಿಂತ ತಿಂಗಳಿಗೆ ಉಳಿಯುವುದು ಎಂಟುನೂರು ರೂಪಾಯಿ, ಬೆಲೆಯ ಅಂತರ ಹತ್ತು ಲಕ್ಷಕ್ಕೂ ಮೇಲೆ. ಮೈಲೇಜಿಗಾಗಿ ಹೈಕ್ರಾಸ್ ತೆಗೆದುಕೊಂಡೆ ಎನ್ನುವ ಮಾತಿಗೆ ಅರ್ಥವಿಲ್ಲ. ಸದ್ದಿಲ್ಲದ ಓಟ, ಅಗಲ ಸೀಟು, ಆಟೋಮ್ಯಾಟಿಕ್ ಸುಖಕ್ಕಾಗಿ ಎಂದರೆ ಸರಿ. ಇನ್ನೊಂದು ಮಾತು: ಹಳೇ ಇನ್ನೋವಾ ಊರೊಳಗೆ ಎರ್ಟಿಗಾಕ್ಕಿಂತ ತಿಂಗಳಿಗೆ 1,400 ಹೆಚ್ಚು ಕುಡಿಯುತ್ತದೆ. ಡೀಸೆಲ್ ಅಂದರೆ ಅಗ್ಗ ಎಂಬ ನಂಬಿಕೆ ಇಲ್ಲಿಗೆ ಹೊಂದುವುದಿಲ್ಲ.

ಸಿಎನ್‌ಜಿ ಬಗ್ಗೆ ಮನೆಮಂದಿ ಸಾಮಾನ್ಯವಾಗಿ ತಡವಾಗಿ ನೋಡುವುದು ಡಿಕ್ಕಿ. ಪೆಟ್ರೋಲ್ ಎರ್ಟಿಗಾದಲ್ಲಿ ಮೂರನೇ ಸಾಲು ಎತ್ತಿಟ್ಟಾಗ ಹಿಂದೆ 209 ಲೀಟರ್ ಜಾಗ. 25 ಕೆಜಿಯ ಸೋನಾ ಮಸೂರಿ ಚೀಲ ಎರಡು, ಪಕ್ಕಕ್ಕೆ ಒಂದು ಕೈಚೀಲ, ಮುಗಿಯಿತು. ಸಿಎನ್‌ಜಿಯಲ್ಲಿ ಆ ಜಾಗಕ್ಕೇ 60 ಲೀಟರ್‌ನ ಸಿಲಿಂಡರ್ ಮಲಗಿದೆ. ಏಳು ಜನ ಕೂತರೆ ಅಕ್ಕಿ ಚೀಲ ಕಾಲಡಿಗೆ, ಇಲ್ಲವೇ ಟಾಪ್ ಮೇಲೆ. ಗ್ಯಾಸಿನಲ್ಲಿ ಓಡುವಾಗ ಶಕ್ತಿ 103ರಿಂದ 88 ಪಿಎಸ್‌ಗೆ ಇಳಿಯುತ್ತದೆ, ಏಳು ಜನರೊಂದಿಗೆ ಸಂಡೂರಿನ ಏರು ಹತ್ತುವಾಗ ಎರಡನೇ ಗೇರು ಹುಡುಕಬೇಕು. ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್, ಅಂದರೆ ನೀರಿನ ಒತ್ತಡದ ಪರೀಕ್ಷೆ, ಕಡ್ಡಾಯ. ದಿನವೂ ಹೋಗಿಬರುವ ದಾರಿಯಲ್ಲೇ ಸಿಎನ್‌ಜಿ ಬಂಕ್ ಇದ್ದರೆ ಇದರಷ್ಟು ಅಗ್ಗದ ಓಡಾಟ ಇನ್ನೊಂದಿಲ್ಲ. ಹತ್ತಿಪ್ಪತ್ತು ಕಿಲೋಮೀಟರ್ ಸುತ್ತಿ ಹೋಗಿ ಸಾಲಿನಲ್ಲಿ ನಿಲ್ಲಬೇಕಾದರೆ ಉಳಿತಾಯ ಅಲ್ಲೇ ಕರಗುತ್ತದೆ.

ಕೂರುವ ವಿಷಯಕ್ಕೆ ಬಂದರೆ ಅಂಕಿಗಿಂತ ಬಾಗಿಲು ಮುಖ್ಯ. ಹಳೇ ಇನ್ನೋವಾ ಮತ್ತು ಕ್ರಿಸ್ಟಾದಲ್ಲಿ ನೆಲ ಚಾಸಿಸ್ ಮೇಲಿರುವುದರಿಂದ ಎತ್ತರ. ಇಳಕಲ್ ಸೀರೆ ಉಟ್ಟ ಅಜ್ಜಿ ಮೊದಲು ಸೈಡ್ ಸ್ಟೆಪ್ ಮೇಲೆ ಕಾಲಿಟ್ಟು, ಮೇಲಿನ ಹಿಡಿ ಹಿಡಿದು, ನೆರಿಗೆ ಎತ್ತಿಕೊಂಡು ಹತ್ತಬೇಕು. ಇಳಿಯುವಾಗ ಇನ್ನೂ ಕಷ್ಟ. ಎರ್ಟಿಗಾ, ಕ್ಯಾರೆನ್ಸ್, ಹೈಕ್ರಾಸ್‌ನಲ್ಲಿ ನೆಲ ತಗ್ಗು, ಸೀಟು ಸೊಂಟದ ಮಟ್ಟಕ್ಕೆ ಸಿಗುತ್ತದೆ, ಹಾಗೇ ಕೂತು ಕಾಲು ಒಳಗೆಳೆದುಕೊಂಡರಾಯಿತು. ಮೊಣಕಾಲು ನೋವಿನವರು ಮನೆಯಲ್ಲಿದ್ದರೆ ಟೆಸ್ಟ್ ಡ್ರೈವ್‌ಗೆ ಅವರನ್ನೇ ಕರೆದೊಯ್ಯಿರಿ.

ಮೂರನೇ ಸಾಲು ಇನ್ನೊಂದು ಕತೆ. ಎರ್ಟಿಗಾದಲ್ಲಿ ಅಲ್ಲಿ ಮಕ್ಕಳು ಆರಾಮಾಗಿ ಕೂರುತ್ತಾರೆ. ದೊಡ್ಡವರಿಗೆ ತೊಡೆಗೆ ಆಸರೆ ಸಿಗದೆ ಮೊಣಕಾಲು ಮೇಲೇಳುತ್ತದೆ. ಬಳ್ಳಾರಿಯಿಂದ ಹೊಸಪೇಟೆವರೆಗೆ ಸರಿ, ಬೆಂಗಳೂರುವರೆಗೆ ಬೇಡ. ದೊಡ್ಡವರಿಗೆ ಹಳೇ ಇನ್ನೋವಾದ ಮೂರನೇ ಸಾಲು ಇದಕ್ಕಿಂತ ಮೇಲು, ಹೈಕ್ರಾಸ್‌ನದು ಎಲ್ಲಕ್ಕಿಂತ ಮೇಲು. ಆದರೆ ಯಾರೂ ಕೂರದ ದಿನ ಇನ್ನೋವಾದ ಹಿಂದಿನ ಸೀಟುಗಳು ಎರಡು ಪಕ್ಕಕ್ಕೆ ಎದ್ದು ನಿಂತು ಅಗಲದ ಜಾಗ ನುಂಗುತ್ತವೆ. ಎರ್ಟಿಗಾದಲ್ಲಿ ಅವು ಮಡಚಿ ನೆಲದ ಸಮಕ್ಕೆ ಮಲಗುತ್ತವೆ, 550 ಲೀಟರ್ ಜಾಗ. ದಿನಬಳಕೆಗೆ, ಅಂದರೆ ಗೊಬ್ಬರ ಚೀಲ, ಗ್ಯಾಸ್ ಒಲೆ, ಮಕ್ಕಳ ಸೈಕಲ್ಲಿಗೆ, ಇದೇ ವಾಸಿ.

ನಮ್ಮ ಕಡೆ ಎ.ಸಿ. ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು. ಹಳೇ ಇನ್ನೋವಾದ ಚಾವಣಿಯಲ್ಲಿ ಎರಡನೇ, ಮೂರನೇ ಸಾಲಿಗೆ ಗಾಳಿ ಬರುವ ಕಿಂಡಿಗಳಿವೆ, ಹಿಂದಿನವರಿಗೆ ಬೇರೆಯೇ ಕೂಲಿಂಗ್ ಕಾಯಿಲ್ ಇದೆ. ಇವತ್ತಿಗೂ ಇದರಷ್ಟು ತಣ್ಣಗೆ ಮಾಡುವ ಗಾಡಿ ಈ ಬೆಲೆಗೆ ಸಿಗದು. 2025ಕ್ಕಿಂತ ಮುಂಚಿನ ಎರ್ಟಿಗಾದಲ್ಲಿ ಚಾವಣಿ ಕಿಂಡಿ ಎರಡನೇ ಸಾಲಿನ ಮೇಲಿದೆ, ಅದನ್ನೇ ಹಿಂದಕ್ಕೆ ತಿರುಗಿಸಬೇಕು. ಬಿಸಿಲಲ್ಲಿ ನಿಂತ ಗಾಡಿಯ ಮೂರನೇ ಸಾಲು ತಣ್ಣಗಾಗಲು ಹೊತ್ತು ಹಿಡಿಯುತ್ತದೆ. ಕ್ಯಾರೆನ್ಸ್‌ನಲ್ಲಿ ಮೂರನೇ ಸಾಲಿಗೂ ಬೇರೆ ಕಿಂಡಿ ಇದೆ, ಅದು ಅದರ ದೊಡ್ಡ ಗೆಲುವು. ಯಾವ ಗಾಡಿಯೇ ಆಗಲಿ, ತೋರಣಗಲ್ಲು-ಸಂಡೂರು ಕಡೆಯ ಕೆಂಪು ಅದಿರು ಧೂಳಿನಲ್ಲಿ ಓಡುತ್ತಿದ್ದರೆ ಮುಂದಿನ ಕಂಡೆನ್ಸರ್ ಜಾಲರಿ ಮುಚ್ಚಿಹೋಗಿ ಎ.ಸಿ. ಸೋಲುತ್ತದೆ. ಬಹಳ ಜನ ಗ್ಯಾಸ್ ಹಾಕಿಸುತ್ತಾರೆ, ಧೂಳು ಅಲ್ಲೇ ಇರುತ್ತದೆ. ಒಳಗಿನಿಂದ ಹೊರಗೆ ಹೋಗುವಂತೆ ಮೆಲ್ಲಗೆ ನೀರು ಬಿಡಿಸಿ; ಪ್ರೆಶರ್ ಗನ್ ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿ ಕೂರುತ್ತವೆ. ಏರ್ ಫಿಲ್ಟರ್, ಕ್ಯಾಬಿನ್ ಫಿಲ್ಟರ್‌ಗೆ ಪುಸ್ತಕದಲ್ಲಿ ಬರೆದ ಅಂತರದ ಅರ್ಧವೇ ಇಲ್ಲಿನ ಅಂತರ. ಹೈಬ್ರಿಡ್ ಕೊಂಡವರು ಬ್ಯಾಟರಿಗೆ ಗಾಳಿ ಎಳೆಯುವ ಕಿಂಡಿ ಎಲ್ಲಿದೆ ಎಂದು ಡೆಲಿವರಿ ದಿನವೇ ತೋರಿಸಿಕೊಳ್ಳಿ, ಅದರ ಮುಂದೆ ಚೀಲ ಇಡಬೇಡಿ.

ರಸ್ತೆ. ಹಳೇ ಇನ್ನೋವಾ ಎತ್ತರದ ಗಾಡಿ ಎನ್ನುತ್ತಾರಲ್ಲ, ಖಾಲಿ ಗಾಡಿಯ ನೆಲದಂತರ ಕಾಗದದಲ್ಲಿ 176 ಮಿ.ಮೀ.; ಎರ್ಟಿಗಾ 180, ಹೈಕ್ರಾಸ್ 185. ಹಾಗಿದ್ದೂ ಹಳ್ಳಿ ಹಂಪ್‌ನಲ್ಲಿ ಹೊಟ್ಟೆ ತಾಗಿಸಿಕೊಳ್ಳುವುದು ಏಳು ಜನ ತುಂಬಿದ ಎರ್ಟಿಗಾನೇ, ಯಾಕೆಂದರೆ ಅದರ ಹಿಂಭಾಗದ ಸ್ಪ್ರಿಂಗ್ ಮೆತ್ತಗೆ, ಭಾರಕ್ಕೆ ಕುಸಿಯುತ್ತದೆ. ಇನ್ನೋವಾ ಅಷ್ಟು ಕುಸಿಯುವುದಿಲ್ಲ. ಖಾಲಿ ಇದ್ದಾಗ ಉಲ್ಟಾ: ಇನ್ನೋವಾ ಕುಲುಕುತ್ತದೆ, ಎರ್ಟಿಗಾ ಹಿತವಾಗಿ ಓಡುತ್ತದೆ. ಸಿಂಧನೂರು, ಮಾನ್ವಿ ಕಡೆಯ ಎರೆ ಹೊಲದ ದಾರಿಗೆ ಮಳೆ ಬಿದ್ದರೆ ಖಾಲಿ ಇನ್ನೋವಾದ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ. ಅಲ್ಲಿ ಮುಂದಿನ ಎಳೆತದ ಗಾಡಿ ಸ್ವಲ್ಪ ವಾಸಿ. ಜನ ತುಂಬಿದಾಗ ಭಾರ ಹಿಂದಕ್ಕೆ ಹೋಗಿ ಆ ಲಾಭವೂ ಹೋಗುತ್ತದೆ. ಎರೆ ಮಣ್ಣಿನ ಮಳೆಗೆ ಟ್ರ್ಯಾಕ್ಟರ್ ಬಿಟ್ಟರೆ ಯಾವುದೂ ಗಾಡಿಯಲ್ಲ ಅನ್ನಿ. ಬಳ್ಳಾರಿಯ ಬ್ರೂಸ್‌ಪೇಟೆ, ರಾಯಚೂರಿನ ತೀನ್ ಕಂದಿಲ್‌ನಂಥ ಕಡೆ ಅಗಲವೇ ಲೆಕ್ಕ: ಎರ್ಟಿಗಾ 1,735 ಮಿ.ಮೀ., ಕ್ರಿಸ್ಟಾ 1,830, ಹೈಕ್ರಾಸ್ 1,850. ಎದುರಿಗೆ ಆಟೋ ಬಂದಾಗ ಈ ನಾಲ್ಕಂಗುಲದ ಬೆಲೆ ತಿಳಿಯುತ್ತದೆ.

ಇಷ್ಟಾಗಿಯೂ ಹಳೇ ಇನ್ನೋವಾವೇ ಬೇಕು ಎನ್ನುವವರಿಗೆ ಕಾರಣಗಳಿವೆ. ಕೂಡು ಕುಟುಂಬ, ವಾರಕ್ಕೆ ಮೂರ್ನಾಲ್ಕು ದಿನ ಏಳು ಜನ, ಹೆದ್ದಾರಿ ಓಟ ಹೆಚ್ಚು, ಮನೆಯ ಪಕ್ಕದಲ್ಲೇ ಇನ್ನೋವಾ ಬಲ್ಲ ಮೆಕ್ಯಾನಿಕ್: ಇಷ್ಟಿದ್ದರೆ ತೆಗೆದುಕೊಳ್ಳಿ. ಆದರೆ ನೋಡಿ ತೆಗೆದುಕೊಳ್ಳಿ. ಹತ್ತು ವರ್ಷ ದಾಟಿದ್ದಕ್ಕೂ ಮಾರುವವರು ಹೊಸ ಗಾಡಿಯ ಗತ್ತಿನಲ್ಲಿ ಬೆಲೆ ಹೇಳುತ್ತಾರೆ.

ಮೊದಲ ಕೆಲಸ, ಇಂಜಿನ್ ತಣ್ಣಗಿರುವಾಗ ಹೋಗುವುದು. ನೀವು ಬರುವ ಮುಂಚೆ ಬಿಸಿ ಮಾಡಿಟ್ಟಿದ್ದರೆ ಅನುಮಾನಪಡಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ ನಿಲ್ಲದೆ ಬರುವುದು, ಕಟಕಟ ಸದ್ದು ಕೆಲವು ನಿಮಿಷ ಕಳೆದರೂ ತಗ್ಗದಿರುವುದು ಇಂಜೆಕ್ಟರ್ ಕೆಲಸದ ಸೂಚನೆ. ನಾಲ್ಕೂ ಇಂಜೆಕ್ಟರ್‌ನಿಂದ ವಾಪಸ್ ಬರುವ ಡೀಸೆಲ್‌ನ, ಅಂದರೆ ರಿಟರ್ನ್‌ನ, ಅಳತೆ ಮಾಡಿಸಿ. ಐಡಲ್‌ನಲ್ಲಿ ಆರ್‌ಪಿಎಂ ಮುಳ್ಳು ಏರಿಳಿಯುತ್ತಿದ್ದರೆ, ನಿಂತಲ್ಲಿ ಆಫ್ ಆಗುತ್ತಿದ್ದರೆ ಡೀಸೆಲ್ ಪಂಪಿನ ಮೇಲೆ ಕೂತು ಡೀಸೆಲ್ ಹರಿವನ್ನು ಹಿಡಿತದಲ್ಲಿಡುವ ಎಸ್‌ಸಿವಿ ವಾಲ್ವು ನೋಡಿಸಿ. ಎಷ್ಟೋ ಸಲ ಪೂರ್ತಿ ಪಂಪೇ ಹೋಗಿದೆ ಎಂದು ಹೆದರಿಸುವುದು ಇದಕ್ಕೇ. ಇಂಜಿನ್ ಓಡುವಾಗ ಎಣ್ಣೆ ಹಾಕುವ ಮುಚ್ಚಳ ಬಿಚ್ಚಿ ಅಲ್ಲೇ ಮಗುಚಿ ಇಡಿ. ಸ್ವಲ್ಪ ಅಲುಗಿದರೆ ಪರವಾಗಿಲ್ಲ. ಕುಣಿದು ಕೆಳಗೆ ಬಿದ್ದರೆ, ಹೊಗೆ ಬುಸುಗುಟ್ಟಿದರೆ ಪಿಸ್ಟನ್ ರಿಂಗ್ ಸವೆದಿವೆ, ಆ ಗಾಡಿ ಬಿಟ್ಟು ಬನ್ನಿ.

ಎರಡನೆಯದು ಟೈಮಿಂಗ್ ಬೆಲ್ಟ್. ಹಳೇ 2.5 ಲೀಟರ್ ಇಂಜಿನ್‌ಗೆ ರಬ್ಬರ್ ಬೆಲ್ಟ್, ಲಕ್ಷ ಕಿಲೋಮೀಟರ್‌ಗೊಮ್ಮೆ ಬದಲಿಸಬೇಕು, ಮೀಟರಿನಲ್ಲಿ ಟಿ-ಬೆಲ್ಟ್ ಎಂಬ ದೀಪ ಹತ್ತಿ ನೆನಪಿಸುತ್ತದೆ. ದೀಪ ಇಲ್ಲವಲ್ಲ ಎಂದು ಸಮಾಧಾನಪಡಬೇಡಿ. ಬೆಲ್ಟ್ ಮುಟ್ಟದೆಯೇ ಆ ದೀಪವನ್ನು ರೀಸೆಟ್ ಮಾಡಬಹುದು, ಮಾಡುತ್ತಾರೆ. ಬಿಲ್ ತೋರಿಸಲಿ, ಇಲ್ಲವಾದರೆ ಕೊಂಡ ವಾರದಲ್ಲೇ ಬೆಲ್ಟ್, ಟೆನ್ಷನರ್, ಐಡ್ಲರ್ ಬೇರಿಂಗ್ ಒಟ್ಟಿಗೆ ಬದಲಿಸಿ. ಬೆಲ್ಟ್ ಹರಿದರೆ ವಾಲ್ವು ಪಿಸ್ಟನ್‌ಗೆ ಬಡಿಯುತ್ತದೆ, ಹೆಡ್ ಬಿಚ್ಚಬೇಕು. ಕ್ರಿಸ್ಟಾದ ಇಂಜಿನ್‌ಗೆ ಚೈನ್ ಇದೆ, ಈ ತಾಪತ್ರಯ ಇಲ್ಲ. ಎಣ್ಣೆ ಬದಲಿಸುವಾಗ ಇನ್ನೋವಾ ಆರೇಳು ಲೀಟರ್ ಕೇಳುತ್ತದೆ, ಎರ್ಟಿಗಾ ಮೂರೂವರೆ ಆಸುಪಾಸು; ಸರ್ವಿಸ್ ಬಿಲ್ಲಿನ ಅಂತರ ಅಲ್ಲಿಂದಲೇ ಶುರು.

ಕ್ಲಚ್ ನೋಡಲು ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಮೆಲ್ಲಗೆ ಕ್ಲಚ್ ಬಿಡಿ. ಇಂಜಿನ್ ಆಫ್ ಆಗಬೇಕು. ಓಡುತ್ತಲೇ ಇದ್ದರೆ ಪ್ಲೇಟ್ ಮುಗಿದಿದೆ. ಹಂಪ್ ಮೇಲೆ ನಿಧಾನಕ್ಕೆ ಓರೆಯಾಗಿ ಹತ್ತಿಸಿ. ಮುಂದೆ ಟಕ್ ಎಂದರೆ ಲೋಯರ್ ಆರ್ಮ್ ಬುಷ್ ಅಥವಾ ಬಾಲ್ ಜಾಯಿಂಟ್. ಅರವತ್ತರಿಂದ ಎಂಬತ್ತರ ವೇಗದಲ್ಲಿ ಹಿಂದಿನಿಂದ ಗೂಂ ಎಂಬ ಸದ್ದು ಬಂದರೆ ಡಿಫರೆನ್ಷಿಯಲ್ ಅಥವಾ ಬೇರಿಂಗ್. ಆಮೇಲೆ ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ಚಾಸಿಸ್ ಉದ್ದಕ್ಕೂ ಕೈಯಾಡಿಸಿ: ವೆಲ್ಡಿಂಗ್ ಮಾಡಿದ ಗೆರೆ, ಹೊಸದಾಗಿ ಬಳಿದ ಕಪ್ಪು ಬಣ್ಣ, ಹಿಂದಿನ ಚಕ್ರದ ಒಳಗಡೆ ತುಕ್ಕು. ಬಾಡಿಗೆ ಟಿಂಕರಿಂಗ್-ಪೇಂಟಿಂಗ್ ಆಗಿದ್ದರೆ ಬೆಲೆ ಇಳಿಸಿ ಕೊಳ್ಳಬಹುದು, ಚಾಸಿಸ್‌ಗೆ ಪೆಟ್ಟಾಗಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಮೀಟರ್ ನಂಬಬೇಡಿ. ನಮ್ಮ ಕಡೆ ಮಾರಾಟಕ್ಕೆ ಬರುವ ಇನ್ನೋವಾಗಳಲ್ಲಿ ಟ್ಯಾಕ್ಸಿಯಾಗಿ ದುಡಿದು ಬಿಳಿ ಬೋರ್ಡ್ ಹಾಕಿಸಿಕೊಂಡವು ಇವೆ. ಕ್ಲಚ್ ಪೆಡಲ್‌ನ ರಬ್ಬರ್ ನುಣ್ಣಗೆ, ಸ್ಟೀರಿಂಗ್ ಮೇಲ್ಭಾಗ ಹೊಳೆಯುತ್ತ, ಡ್ರೈವರ್ ಸೀಟಿನ ಹೊರ ಅಂಚು ಕುಸಿದು ಇದ್ದರೆ ಮೀಟರಿನ ಎಂಬತ್ತು ಸಾವಿರ ಸುಳ್ಳು. ಚಾಸಿಸ್ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಹಳೇ ದಾಖಲೆ ಕೇಳಿ. ಎರಡು-ಮೂರು ಲಕ್ಷ ಓಡಿದ ಗಾಡಿಯೂ ತಪ್ಪಲ್ಲ. ನಿಜ ಹೇಳಿ, ಬಿಲ್ ತೋರಿಸಿ ಮಾರಿದರೆ ಅದೇ ವಾಸಿ.

ಉಳಿದವು ಚುಟುಕಾಗಿ. ಮೊದಲ ತಲೆಮಾರಿನ ಎರ್ಟಿಗಾ ಡೀಸೆಲ್, 1.3 ಲೀಟರ್, 90 ಪಿಎಸ್: ಮೈಲೇಜ್ ಚೆನ್ನ, ಎರಡು ಸಾವಿರ ಆರ್‌ಪಿಎಂ ಒಳಗೆ ಜೀವವಿಲ್ಲ, ಎಣ್ಣೆ ತಡಮಾಡಿದ್ದರೆ ಚೈನ್ ಸಡಿಲ. ಹಳೇ ಎರ್ಟಿಗಾ ಪೆಟ್ರೋಲ್ ಕೊಳ್ಳುವವರು ಈಗ ಬಂಕಿನಲ್ಲಿ ಸಿಗುವ, ಶೇಕಡಾ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಲೆಕ್ಕದಲ್ಲಿ ಇಂಧನದ ರಬ್ಬರ್ ಪೈಪು, ಸೀಲು ನೋಡಿಸಿಕೊಳ್ಳಿ. ಷೆವ್ರೊಲೆಯ ಟವೇರಾ, ಎಂಜಾಯ್, ರೆನೋದ ಲಾಡ್ಜಿ ಅಗ್ಗಕ್ಕೆ ಸಿಗುತ್ತವೆ. ಷೆವ್ರೊಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿದೆ, ಲಾಡ್ಜಿ ಕೂಡ ನಿಂತಿದೆ, ಒಂದು ಹೆಡ್‌ಲೈಟಿಗೆ ಊರೂರು ಫೋನ್ ಮಾಡುವ ತಾಳ್ಮೆ ಇದ್ದರೆ ಮಾತ್ರ. ಬೊಲೆರೊ ಹೊಲಕ್ಕೆ ಗಟ್ಟಿ, ಆದರೆ ಹಿಂದೆ ಎದುರುಬದುರು ಕೂರುವ ಆ ಅಡ್ಡ ಸೀಟಿನಲ್ಲಿ ಮಕ್ಕಳನ್ನು ದಿನವೂ ಶಾಲೆಗೆ ಕಳಿಸಬಾರದು.

ಸುರಕ್ಷತೆಯಲ್ಲಿ ಹೊಸದಕ್ಕೇ ಮೇಲುಗೈ, ಆದರೆ ಎಲ್ಲ ಹೊಸದಕ್ಕೂ ಅಲ್ಲ. ಹಳೇ ಇನ್ನೋವಾದ ಕೆಳ ವೇರಿಯಂಟ್‌ಗಳಲ್ಲಿ ಏರ್‌ಬ್ಯಾಗೇ ಇರಲಿಲ್ಲ. ಕ್ಯಾರೆನ್ಸ್ 2022ರಲ್ಲಿ ಬಂದಾಗಿನಿಂದ ಆರು ಏರ್‌ಬ್ಯಾಗ್ ಕೊಡುತ್ತಿದೆ, ಎರ್ಟಿಗಾ ಎಲ್ಲ ವೇರಿಯಂಟಿಗೂ ಕೊಡಲು ಶುರುಮಾಡಿದ್ದು 2025ರಲ್ಲಿ. ಭಾರತದಲ್ಲಿ ತಯಾರಾಗಿ ಆಫ್ರಿಕಾಕ್ಕೆ ಹೋಗುವ ಎರ್ಟಿಗಾಕ್ಕೆ 2024ರ ಗ್ಲೋಬಲ್ ಎನ್‌ಕ್ಯಾಪ್‌ನ ಡಿಕ್ಕಿ ಪರೀಕ್ಷೆಯಲ್ಲಿ ಐದರಲ್ಲಿ ಸಿಕ್ಕಿದ್ದು ಒಂದೇ ನಕ್ಷತ್ರ. ಹೈಕ್ರಾಸ್‌ಗೆ ಭಾರತ್ ಎನ್‌ಕ್ಯಾಪ್‌ನಲ್ಲಿ ಐದು. ಹೈಕ್ರಾಸ್‌ಗೆ ಕೊಡುವ ಹೆಚ್ಚಿನ ಹಣಕ್ಕೆ ಒಪ್ಪಬಹುದಾದ ಕಾರಣ ಇದು, ಮೈಲೇಜ್ ಅಲ್ಲ.

ಒಟ್ಟಿನಲ್ಲಿ ದಿನಕ್ಕೆ ಮೂವತ್ತು-ನಲವತ್ತು ಕಿಲೋಮೀಟರ್ ಊರೊಳಗೆ, ಎರಡು-ಮೂರು ಜನ, ತಿಂಗಳಿಗೊಮ್ಮೆ ಏಳು ಎನ್ನುವ ಮನೆಗೆ 2022ರ ನಂತರದ ಎರ್ಟಿಗಾ ಪೆಟ್ರೋಲ್. 2025ಕ್ಕಿಂತ ಮುಂಚಿನ ಗಾಡಿಗಳಲ್ಲಿ ಆರು ಏರ್‌ಬ್ಯಾಗ್ ಮತ್ತು ಹಿಂದಿನ ಸಾಲಿಗೂ ತಂಪು ಬೇಕಾದರೆ ಕ್ಯಾರೆನ್ಸ್ ಪೆಟ್ರೋಲ್.

ಹಳೇ ಗಾಡಿ ಒಪ್ಪಿಗೆಯಾದರೆ ಟೋಕನ್ ಕೊಡುವ ಮುಂಚೆ ಕಾಗದ. ನಮ್ಮ ಕಡೆಯ ನೋಂದಣಿ, ಅಂದರೆ ಕೆಎ-34, 35, 36, 37 ಯಾವುದಾದರೂ ಇದ್ದರೆ ಹೆಸರು ಬದಲಿಸಲು ಫಾರಂ 29, 30. ಸಾಲ ತೀರಿದ್ದರೆ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಲು ಫಾರಂ 35. ದಿಲ್ಲಿ ನೋಂದಣಿಯ ಇನ್ನೋವಾ ಅಗ್ಗಕ್ಕೆ ಬರುವುದು ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್‌ಗೆ ಬಂದ ನಿರ್ಬಂಧದಿಂದ. ಅದಕ್ಕೆ ಅಲ್ಲಿನ ಆರ್‌ಟಿಒದ ಎನ್‌ಒಸಿ ಬೇಕು, ಇಲ್ಲಿ ಜೀವಾವಧಿ ತೆರಿಗೆ ಬೇರೆ ಕಟ್ಟಬೇಕು, ಎರಡೂ ಸೇರಿಸಿದ ಮೇಲೂ ಅಗ್ಗವೇ ಎಂದು ನೋಡಿ. ಹದಿನೈದು ವರ್ಷದ ಹತ್ತಿರ ಬಂದ ಗಾಡಿಯಾದರೆ ಎಫ್‌ಸಿ (ಗಾಡಿಯ ಅರ್ಹತಾ ಪತ್ರ) ಮಾಡಿಸಿ ಆರ್‌ಸಿ ನವೀಕರಿಸಿ ಕೊಡುವ ಜವಾಬ್ದಾರಿ ಮಾರುವವರದೇ ಎಂದು ಬರೆಸಿಕೊಳ್ಳಿ. ಅದಕ್ಕೆ ಒಪ್ಪದವರ ಗಾಡಿಯಲ್ಲಿ ಏನೋ ಇದೆ.